ಬೇಸಿಗೆ ರಜೆ, ಒಂಬತ್ತು ಮಕ್ಕಳು, ಗುಡ್ಡಗಾಡು ಓಟ: ತಯಾರಿ ಹೇಗೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಗುಡ್ಡಗಾಡು ಓಟಕ್ಕೆ ಒಂಬತ್ತು ಮಕ್ಕಳಿದ್ದಾರೆ. ಐದು ಹುಡುಗರು, ನಾಲ್ಕು ಹುಡುಗಿಯರು, ಎಲ್ಲರೂ 8 ಮತ್ತು 9ನೇ ತರಗತಿ. ಹೋದ ವರ್ಷ ತಾಲ್ಲೂಕು ಮಟ್ಟದಲ್ಲಿ ಮೂವರು ಅರ್ಧಕ್ಕೇ ನಿಂತುಬಿಟ್ಟರು. ಈ ಸಲ ಬೇಸಿಗೆ ರಜೆಯಲ್ಲಿ ಬೆಳಿಗ್ಗೆ 6ಕ್ಕೆ, ಸಂಜೆ 5ಕ್ಕೆ ಎರಡು ಹೊತ್ತು ಸೇರಿಸಿ ದಿನಕ್ಕೆ 10 ಕಿ.ಮೀ. ಓಡಿಸಬೇಕೆಂದಿದ್ದೇನೆ. ಇಬ್ಬರು ಹುಡುಗಿಯರಿಗೆ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತದಂತೆ. ಒಬ್ಬ ಹುಡುಗ ಬರಿಗಾಲಲ್ಲೇ ಓಡುತ್ತಾನೆ. ನನ್ನ ಯೋಜನೆ ಸರಿ ಇದೆಯೇ?

ಉತ್ತರ: ಸರ್, ರಜೆಯಲ್ಲೂ ಮಕ್ಕಳಿಗಾಗಿ ಬೆಳಿಗ್ಗೆ ಎದ್ದು ಬರುತ್ತೇನೆ ಅನ್ನುತ್ತಿದ್ದೀರಿ. ಅದಕ್ಕೇ ಮೊದಲ ನಮಸ್ಕಾರ. ಇನ್ನು ಯೋಜನೆ ವಿಷಯ. ಸಂಜೆ 5 ಗಂಟೆ ತೆಗೆದುಬಿಡಿ. 10 ಕಿ.ಮೀ. ಕೂಡ ತೆಗೆದುಬಿಡಿ. ಉಳಿದದ್ದನ್ನು ಇಟ್ಟುಕೊಂಡು ಮಾತಾಡೋಣ.

ಹೋದ ವರ್ಷ ಮೂವರು ನಿಂತದ್ದು ಯಾಕೆ ಅಂತ ಅವರನ್ನೇ ಕೇಳಿದ್ದೀರಾ? ನಾನು ಆ ಓಟ ನೋಡಿಲ್ಲ. ಆದರೆ ತಾಲ್ಲೂಕು ಮಟ್ಟದ ಓಟಗಳನ್ನು ಇಪ್ಪತ್ತೈದು ವರ್ಷ ನೋಡಿದ್ದೇನೆ. ಸೀಟಿ ಊದಿದ ಕೂಡಲೇ ಮಕ್ಕಳು 100 ಮೀಟರ್ ಓಟದ ಹಾಗೆ ನುಗ್ಗುತ್ತಾರೆ. ಒಂದು ಕಿಲೋಮೀಟರ್ ಆಗುವಷ್ಟರಲ್ಲಿ ಎದೆ ಉರಿ, ಪಕ್ಕೆ ಹಿಡಿತ, ಆಮೇಲೆ ನಡಿಗೆ. ಅವರಿಗೆ ಶಕ್ತಿ ಇಲ್ಲ ಅಂತಲ್ಲ, ನಿಧಾನವಾಗಿ ಓಡುವುದನ್ನು ಯಾರೂ ಕಲಿಸಿಲ್ಲ. ನಿಮ್ಮ ಬೇಸಿಗೆಯ ಕೆಲಸ ಅದೊಂದೇ. ವೇಗವನ್ನು ಜುಲೈಗೆ ನೋಡಿಕೊಳ್ಳೋಣ. ಜೂನ್‌ನಲ್ಲಿ ಶಾಲೆ ತೆರೆದ ದಿನ ಒಂಬತ್ತೂ ಮಕ್ಕಳು ಕಾಲು ನೋವಿಲ್ಲದೆ ಬರಬೇಕು. ಮಾತಾಡುತ್ತಾ 35 ನಿಮಿಷ ಓಡಬೇಕು. ಅಷ್ಟಾದರೆ ಈ ರಜೆ ಗೆದ್ದ ಹಾಗೆ.

ರಜೆ ಅಂದರೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಹೆಚ್ಚುಕಡಿಮೆ ಏಳು ವಾರ. ಕಾಗದದ ಮೇಲೆ ಏಳು ವಾರ, ಕೈಗೆ ಸಿಗುವುದು ಎಷ್ಟು? ಒಬ್ಬ ಅಜ್ಜಿ ಊರಿಗೆ ಹೋಗುತ್ತಾನೆ. ಇನ್ನೊಬ್ಬಳ ಚಿಕ್ಕಪ್ಪನ ಮದುವೆ. ಊರ ಜಾತ್ರೆ ಬೇರೆ. ಒಂದೆರಡು ಮನೆಯವರು ದುಡಿಮೆಗೆ ಗುಳೆ ಹೋದರೆ ಮಕ್ಕಳೂ ಹೊರಡುತ್ತಾರೆ. ಒಂಬತ್ತು ಜನರೂ ಸೇರುವ ದಿನ ಹತ್ತೋ ಹನ್ನೆರಡೋ ಇರಬಹುದು. ಹಾಗಾಗಿ ನೀವಿಲ್ಲದಿದ್ದರೂ ನಡೆಯುವಂಥ ಯೋಜನೆ ಬೇಕು. ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಕೊಡಿ ಅನ್ನುವುದು ಇದಕ್ಕೇ. ಅಜ್ಜಿ ಊರಲ್ಲಿ ಅಳತೆ ಮಾಡಿದ ಮೈದಾನ ಇರುವುದಿಲ್ಲ, ಗಡಿಯಾರ ಇರುತ್ತದೆ. ‘ಹತ್ತು ನಿಮಿಷ ಹೋಗು, ಹತ್ತು ನಿಮಿಷ ವಾಪಸ್ ಬಾ’ ಅಂದರೆ ಯಾವ ಊರಲ್ಲಾದರೂ ಆಗುತ್ತದೆ. ಪ್ರತಿಯೊಬ್ಬರಿಗೂ 40 ಪುಟದ ನೋಟ್‌ಬುಕ್ ಕೊಡಿಸಿ. ತಾರೀಕು, ಎಷ್ಟು ನಿಮಿಷ, ಎಲ್ಲಾದರೂ ನೋವಿತ್ತಾ, ರಾತ್ರಿ ನಿದ್ದೆ ಹೇಗಿತ್ತು, ಇಷ್ಟೇ ಬರೆಯಲಿ. ಪಕ್ಕದಲ್ಲಿ ಮನೆಯ ಯಾರಾದರೂ ಸಹಿ ಹಾಕಲಿ. ಒಮ್ಮೆ ಒಬ್ಬಳ ಪುಸ್ತಕದಲ್ಲಿ ಅಜ್ಜಿಯ ಹೆಬ್ಬೆಟ್ಟು ಹದಿನೆಂಟು ಸಲ ಇತ್ತು. ಆ ವರ್ಷ ಜಿಲ್ಲೆಗೆ ಹೋದವಳು ಅವಳೇ.

ಈಗ ಬಿಸಿಲಿನ ವಿಷಯ. ಇದನ್ನು ಸ್ವಲ್ಪ ನಿಂತು ಓದಿ.

ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮಾಮೂಲಿ. ಗಾಳಿಯ ಬಿಸಿ ತುತ್ತತುದಿ ಮುಟ್ಟುವುದು ಮಧ್ಯಾಹ್ನ 3, 4ರ ಹೊತ್ತಿಗೆ. 5ಕ್ಕೆ ಅದೇನೂ ಅಷ್ಟು ಇಳಿದಿರುವುದಿಲ್ಲ. ದಿನವಿಡೀ ಕಾದ ನೆಲ ಕೆಳಗಿನಿಂದ ಝಳ ಹೊಡೆಯುತ್ತಿರುತ್ತದೆ. ದಿನದ ತಂಪು ಹೊತ್ತು ಸೂರ್ಯ ಹುಟ್ಟುವ ಆಸುಪಾಸು. ನಿಮ್ಮಲ್ಲಿ ಆಗ ಸೂರ್ಯೋದಯ 6ರ ಹತ್ತಿರ. ಆದ್ದರಿಂದ 5.45ಕ್ಕೆ ಸೇರಿ, 6.45ಕ್ಕೆ ಮುಗಿಸಿ. ಸಂಜೆ ಏನಾದರೂ ಬೇಕೇ ಬೇಕು ಅಂದರೆ ಹೊತ್ತು ಮುಳುಗಿದ ಮೇಲೆ ಅರ್ಧ ಗಂಟೆ ಖೋ ಖೋ ಆಡಿಸಿ. ಓಟ ಬೇಡ.

‘ನಮ್ಮ ಮಕ್ಕಳು ಬಿಸಿಲಲ್ಲೇ ಬೆಳೆದವರು, ಅವರಿಗೇನೂ ಆಗಲ್ಲ’ ಅಂತ ನಾನೂ ಹೇಳುತ್ತಿದ್ದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಮೇ ತಿಂಗಳು, ಸಂಜೆ 4.30. ನನ್ನ ಚುರುಕು ಹುಡುಗನೊಬ್ಬ ನಾಲ್ಕನೇ ಸುತ್ತಿನಲ್ಲಿ ತೂರಾಡತೊಡಗಿದ. ಹೆಸರು ಕೇಳಿದರೆ ಇನ್ನೇನೋ ಹೇಳಿದ. ನಾಟಕ ಮಾಡ್ತಾನೆ ಅಂದುಕೊಂಡೆ. ಕುಸಿದು ಬಿದ್ದ ಮೇಲೆಯೇ ನನಗೆ ಹೆದರಿಕೆಯಾದದ್ದು. ಪಕ್ಕದ ಹೊಲದ ರೈತರೊಬ್ಬರು ನನ್ನನ್ನು ಕೇಳದೆ ಅವನನ್ನು ಎತ್ತಿಕೊಂಡು ಹೋಗಿ ಪಂಪ್‌ಸೆಟ್ ತೊಟ್ಟಿಯಲ್ಲಿ ಮಲಗಿಸಿದರು. ಹುಡುಗ ಉಳಿದ. ಆ ರೈತರು ಮಾಡಿದ್ದೇ ಸರಿಯಾದ ಚಿಕಿತ್ಸೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಬಿಸಿಲಲ್ಲಿ ಬದುಕುವುದೇ ಬೇರೆ, ಬಿಸಿಲಲ್ಲಿ ಓಡುವುದೇ ಬೇರೆ. ಓಡುವಾಗ ಮೈಯೊಳಗೇ ಒಲೆ ಉರಿಯುತ್ತದೆ. ಆ ಬಿಸಿ ಹೊರಹೋಗಬೇಕಾದರೆ ಬೆವರು ಬರಬೇಕು, ಬೆವರು ಆರಬೇಕು. ದೊಡ್ಡವರಿಗಿಂತ ಮಕ್ಕಳು ಬೆವರುವುದು ಕಡಿಮೆ. ದೇಹ ಬಿಸಿಗೆ ಹೊಂದಿಕೊಳ್ಳುತ್ತದೆ ನಿಜ. ರಕ್ತದ ನೀರಿನಂಶ ಜಾಸ್ತಿಯಾಗುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಇದಕ್ಕೆ 10ರಿಂದ 14 ದಿನ ಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ ಓಡುತ್ತಾ ಬಂದರೆ. ಹಾಗಾಗಿ ಮೊದಲ ಎರಡು ವಾರ ನಿಮಗೆ ಎಷ್ಟೇ ಹುಮ್ಮಸ್ಸಿದ್ದರೂ ಕೈ ಬಿಗಿಹಿಡಿಯಿರಿ. ಎರಡು ವಾರ ಅಜ್ಜಿ ಮನೆಯಲ್ಲಿ ಮಲಗೆದ್ದು ಬಂದ ಹುಡುಗನಿಗೆ ಮತ್ತೆ ಮೊದಲಿನಿಂದ ಶುರು. ಉಳಿದವರ ಜೊತೆ ಅವತ್ತೇ ಓಡಿಸಬೇಡಿ.

ಮಕ್ಕಳಿಗೆ ಹೇಳಲು ಒಂದು ಕಥೆ ಬೇಕಿದ್ದರೆ ಇದನ್ನು ಹೇಳಿ. ಗುಡ್ಡಗಾಡು ಓಟ ಒಂದು ಕಾಲಕ್ಕೆ ಒಲಿಂಪಿಕ್ಸ್‌ನಲ್ಲೂ ಇತ್ತು. 1924ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಸುಡು ಬಿಸಿಲಲ್ಲೇ ಆ ಓಟ ನಡೆಸಿದರು. 38 ಜನ ಹೊರಟರು, ಮುಗಿಸಿದವರು 15 ಜನ. ಎಷ್ಟೋ ಜನ ದಾರಿಯಲ್ಲೇ ಬಿದ್ದರು. ಫಿನ್ಲೆಂಡಿನ ಪಾವೊ ನುರ್ಮಿ ಗೆದ್ದರು. ಅದಾದ ಮೇಲೆ ಒಲಿಂಪಿಕ್ಸ್‌ನಲ್ಲಿ ಈ ಓಟ ನಡೆಯಲೇ ಇಲ್ಲ. ಬಿದ್ದವರೆಲ್ಲ ಪ್ರಪಂಚದ ಗಟ್ಟಿ ಓಟಗಾರರು. ನಮ್ಮದು 14 ವರ್ಷದ ಮಕ್ಕಳು.

ಯಾರಾದರೂ ತೂರಾಡಿದರೆ, ತೊದಲಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ ಅಲ್ಲೇ ಓಟ ನಿಲ್ಲಿಸಿ. ಬೆವರುತ್ತಿದ್ದಾನಲ್ಲ, ಬಿಸಿಲು ಬಡಿದಿರಲಿಕ್ಕಿಲ್ಲ ಅಂದುಕೊಳ್ಳಬೇಡಿ. ಓಡುವವರಿಗೆ ಬೆವರಿನ ಜೊತೆಗೇ ಬಿಸಿಲು ಬಡಿಯುತ್ತದೆ. ನೆರಳಿಗೆ ತನ್ನಿ, ಶೂ ಬಿಚ್ಚಿ, ಬಟ್ಟೆ ಸಡಿಲ ಮಾಡಿ. ದನಕ್ಕೆ ನೀರು ಕುಡಿಸುವ ತೊಟ್ಟಿ ಹತ್ತಿರವಿದ್ದರೆ ಕುತ್ತಿಗೆವರೆಗೆ ಅದರಲ್ಲಿ ಕೂರಿಸಿ, ಒಬ್ಬರು ತಲೆ ಹಿಡಿದುಕೊಳ್ಳಿ. ತೊಟ್ಟಿ ಇಲ್ಲವೇ? ಕೊಡಗಟ್ಟಲೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ತಣಿಸುವುದನ್ನು ನಿಲ್ಲಿಸಬೇಡಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಈರುಳ್ಳಿ ತಿಕ್ಕುವುದು, ಚಪ್ಪಲಿ ಮೂಸಿಸುವುದು ಯಾವುದೂ ಬೇಡ, ಅಷ್ಟು ಹೊತ್ತೂ ದಂಡ. ಓಡುವ ದಾರಿಯನ್ನು ಆರಿಸುವಾಗಲೇ ನೀರಿನ ತೊಟ್ಟಿ ಎಲ್ಲಿದೆ ಅಂತ ನೋಡಿಕೊಂಡಿರಿ.

ಕುಡಿಯುವ ನೀರಿಗೆ ದೊಡ್ಡ ಶಾಸ್ತ್ರ ಬೇಕಿಲ್ಲ. ಎದ್ದ ತಕ್ಷಣ ಒಂದು ಲೋಟ. ಓಟದ ನಡುವೆ ಬಾಯಾರಿದರೆ ಎರಡು ಮೂರು ಗುಟುಕು. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ನಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು. ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಅಂತ ಮಕ್ಕಳು ಹೇಳುವುದು ಅರ್ಧ ನಿಜ. ಓಡುವ ಹೊತ್ತಿಗೆ ಸರಿಯಾಗಿ ಚೆಂಬುಗಟ್ಟಲೆ ಕುಡಿದರೆ ಹಿಡಿಯುತ್ತದೆ. ಶಾಲೆಯಲ್ಲಿ ತೂಕದ ಯಂತ್ರ ಇದ್ದರೆ ವಾರಕ್ಕೊಮ್ಮೆ ಓಟದ ಮುಂಚೆ, ಓಟದ ನಂತರ ತೂಗಿ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್ ನೀರು ಹೋಗಿದೆ ಅಂತ ಅರ್ಥ. ತೂಕ ಇಳಿಯದೆ ಏರಿದ್ದರೆ ಬೇಕಿದ್ದಕ್ಕಿಂತ ಜಾಸ್ತಿ ಕುಡಿದಿದ್ದಾನೆ, ಅದೂ ಒಳ್ಳೆಯದಲ್ಲ. ಮೂತ್ರ ನಿಂಬೆ ಪಾನಕದ ಬಣ್ಣಕ್ಕಿದ್ದರೆ ಸರಿ, ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತು ವಿಶ್ರಾಂತಿ. ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ನಗಲಿ, ನೆನಪಿರುತ್ತದೆ.

ಇನ್ನು ಓಟ. ಎಷ್ಟು ನಿಧಾನ ಓಡಬೇಕು? ನನ್ನ ಹತ್ತಿರ ಒಂದು ಅಳತೆ ಇದೆ. ಓಡುತ್ತಾ ಹದಿಮೂರರ ಮಗ್ಗಿ ಹೇಳಿಸಿ. ಏದುಸಿರಿಲ್ಲದೆ ಹದಿಮೂರು ಹತ್ತಲೆಯವರೆಗೆ ಹೇಳಿದರೆ ವೇಗ ಸರಿ. ಹದಿಮೂರು ನಾಲ್ಕಲೆಗೇ ಉಸಿರು ಕಟ್ಟಿದರೆ ಜೋರಾಯಿತು. (ಮಗ್ಗಿಯೇ ಬರದಿದ್ದರೆ ಅದು ಗಣಿತದ ಮೇಡಂ ಕೆಲಸ.) ಹುಡುಗರಿಗೆ ಇದು ಅವಮಾನ ಅನ್ನಿಸುತ್ತದೆ. ‘ಸರ್, ಇದು ಓಟಾನಾ, ನಡಿಗೆನಾ?’ ಅಂತ ಕೇಳುತ್ತಾರೆ. ಬಿಡಿ, ಮೂರನೇ ವಾರಕ್ಕೆ ಅವರಿಗೇ ಗೊತ್ತಾಗುತ್ತದೆ.

ಮೊದಲ ವಾರ ನಾಲ್ಕು ದಿನ ಸಾಕು. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ 20 ನಿಮಿಷ. ಎರಡನೇ ವಾರ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೂರನೇ ವಾರದಿಂದ ನಡಿಗೆ ಬಿಟ್ಟು 20ರಿಂದ 25 ನಿಮಿಷ ಒಂದೇ ಹದದ ಓಟ, ವಾರಕ್ಕೆ ಐದು ದಿನ. ನಾಲ್ಕನೇ ವಾರ ಬೇಕೆಂದೇ ಕಡಿಮೆ ಮಾಡಿ. ಈ ವಾರವನ್ನು ಯಾರೂ ಪಾಲಿಸುವುದಿಲ್ಲ, ನೀವು ಪಾಲಿಸಿ. ಅಷ್ಟು ದಿನ ಬಿದ್ದ ಪೆಟ್ಟಿಗೆ ಎಲುಬು ಗಟ್ಟಿಯಾಗಬೇಕಾದರೆ ಬಿಡುವು ಬೇಕು. ಐದು, ಆರನೇ ವಾರಕ್ಕೆ 30 ನಿಮಿಷ, ಅದರಲ್ಲಿ ಒಂದು ದಿನ ಮಾತ್ರ 40. ಕೊನೆಯ ವಾರ ಅಷ್ಟರಲ್ಲೇ ನಿಲ್ಲಿಸಿ. ಮೂರನೇ ವಾರದ ನಂತರ ಎರಡು ದಿನಕ್ಕೊಮ್ಮೆ ಓಟದ ಕೊನೆಗೆ ನಾಲ್ಕು ಸಲ 80 ಮೀಟರ್ ಹಗುರಾಗಿ, ಚಂದವಾಗಿ ಓಡಲಿ. ಜಿದ್ದಿನ ಓಟವಲ್ಲ, ಕಾಲು ವೇಗವನ್ನು ಮರೆಯದಿರಲಿ ಅಂತ ಅಷ್ಟೇ. ಐದನೇ ವಾರದಿಂದ ಕೆರೆ ಏರಿ ಹತ್ತಿಸಿ. ಏರಿಯ ಇಳಿಜಾರು 40, 50 ಹೆಜ್ಜೆ ಇದ್ದರೂ ಸಾಕು. ಹತ್ತುವಾಗ ಓಟ, ಇಳಿಯುವಾಗ ನಡಿಗೆ, ಆರು ಸಲ. ಕೆರೆ ಏರಿ, ಬಂಡಿ ದಾರಿ, ಕೊಯ್ಲಾದ ಹೊಲದ ಬದು ಇವೇ ನಿಮ್ಮ ಮೈದಾನ. ಡಾಂಬರು ರಸ್ತೆ ಗಟ್ಟಿ, ಟ್ರ್ಯಾಕ್ಟರ್ ಕಾಟ ಬೇರೆ. ರಸ್ತೆ ತಪ್ಪಿಸಲು ಆಗದಿದ್ದರೆ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಿಸಿ.

ಆ ಇಬ್ಬರು ಹುಡುಗಿಯರ ಕಾಲು ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆರಳಿಂದ ಎಲುಬಿನ ಉದ್ದಕ್ಕೂ ಒತ್ತಿಕೊಳ್ಳಲು ಅವರಿಗೇ ಹೇಳಿ. ಉದ್ದಕ್ಕೂ ಗೇಣಷ್ಟು ಜಾಗ ಸುಮಾರಾಗಿ ನೋಯುತ್ತಿದ್ದು, ಓಡುತ್ತಾ ಕಡಿಮೆಯಾದರೆ ಅದು ಸಾಮಾನ್ಯವಾಗಿ ಒಮ್ಮೆಲೇ ಜಾಸ್ತಿ ಓಡಿದ್ದರ ಫಲ. ಓಟವನ್ನು ಅರ್ಧಕ್ಕಿಳಿಸಿ, ಮೆತ್ತಗಿನ ನೆಲಕ್ಕೆ ಹೋಗಿ. ಆದರೆ ಒಂದು ರೂಪಾಯಿ ನಾಣ್ಯದಷ್ಟು ಒಂದೇ ಜಾಗದಲ್ಲಿ ಚುಳ್ ಅಂದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ನೋವು ಕಡಿದ ಹಾಗಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ಪೂರ್ತಿ ಬಂದ್. ಎಲುಬಿನಲ್ಲಿ ಸಣ್ಣ ಬಿರುಕು ಶುರುವಾಗಿರಬಹುದು, ವೈದ್ಯರಿಗೆ ತೋರಿಸಲೇಬೇಕು. ಮೊದಮೊದಲ ಎಕ್ಸ್‌ರೇಯಲ್ಲಿ ಅದು ಕಾಣದಿರುವುದೂ ಉಂಟು. ‘ಎಕ್ಸ್‌ರೇ ಸರಿ ಇದೆ, ಓಡು’ ಅಂತ ಹೇಳಿ ನಾನು ಒಬ್ಬ ಒಳ್ಳೆಯ ಓಟಗಾರ್ತಿಯ ಇಡೀ ವರ್ಷ ಹಾಳು ಮಾಡಿದ್ದೇನೆ.

ಈ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಎಲುಬಿನ ಉಬ್ಬು, ಹಿಮ್ಮಡಿಯ ಹಿಂಭಾಗ ನೋಯುವುದೂ ಇದೆ. ಮಕ್ಕಳು ಬೆಳೆಯುತ್ತಿರುವಾಗ ಸ್ನಾಯು ಎಳೆಯುವ ಜಾಗದಲ್ಲಿ ಎಲುಬು ಇನ್ನೂ ಎಳೆಯದಾಗಿರುತ್ತದೆ, ಅದಕ್ಕೆ. ಕೆಲವು ವಾರ ಓಟ ಕಡಿಮೆ ಮಾಡಿದರೆ ಹೆಚ್ಚಿನವರಿಗೆ ತಗ್ಗುತ್ತದೆ. ಕುಂಟುತ್ತಾ ಓಡುವವರನ್ನು ಮಾತ್ರ ಓಡಿಸಬೇಡಿ. ಅವರಿಗೆ ಈಜು ಬಂದು, ಜೊತೆಗೆ ದೊಡ್ಡವರಿದ್ದರೆ ಬಾವಿಯಲ್ಲೋ ಕಾಲುವೆಯಲ್ಲೋ ಈಜಲಿ. ಉಸಿರಿನ ತಾಕತ್ತು ಉಳಿಯುತ್ತದೆ, ಕಾಲಿಗೆ ಪೆಟ್ಟಿಲ್ಲ.

ಬರಿಗಾಲಿನ ಹುಡುಗನಿಗೆ ಹೊಸ ಶೂ ಹಾಕಿಸಿ ಒಮ್ಮೆಲೇ ಓಡಿಸಬೇಡಿ. ಅವನ ಪಾದ ಗಟ್ಟಿಯಿದೆ, ಓಡುವ ರೀತಿ ಅದಕ್ಕೆ ಒಗ್ಗಿದೆ. ಅವನಿಗೆ ಅಪಾಯ ಇರುವುದು ಜಾಲಿ ಮುಳ್ಳು, ಒಡೆದ ಬಾಟಲಿ ಮತ್ತು ಕಾದ ನೆಲದಿಂದ. ಧನುರ್ವಾಯು ಚುಚ್ಚುಮದ್ದು 10 ಮತ್ತು 16ನೇ ವಯಸ್ಸಿಗೆ ಸರ್ಕಾರದಿಂದಲೇ ಇದೆ. ಆಗಿದೆಯಾ ಅಂತ ನೋಡಿ, ಒಂಬತ್ತೂ ಮಕ್ಕಳದ್ದು ನೋಡಿ. ಉಳಿದವರು ಶಾಲೆಯ ಕಪ್ಪು ಶೂ ಹಾಕಿಕೊಂಡು ಓಡುವುದಾದರೆ ಅದು ಬರಿಗಾಲಿಗಿಂತ ಕಡೆ. ಓಡುವ ಶೂಗೆ ದುಡ್ಡು ಹೊಂದಿಸುವುದಾದರೆ ಬ್ರ್ಯಾಂಡ್ ನೋಡಬೇಡಿ. ಬೆರಳ ತುದಿಗೆ ಹೆಬ್ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ನಡುವೆ ಬಗ್ಗಿಸಿದರೆ ಮುಂಭಾಗದಲ್ಲಿ ಬಗ್ಗಬೇಕು.

ಕಾಲಿಗೆ ಬಲ ಬರಲು ಜಿಮ್ ಬೇಡ. ಬಸ್ಕಿ 10, ಕಟ್ಟೆ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು ಅರ್ಧ ನಿಮಿಷ. ಆಮೇಲೆ ಕುಂಟೆಬಿಲ್ಲೆ ಆಡಿಸಿ. ತಮಾಷೆಯಲ್ಲ ಸರ್, ಮೀನಖಂಡಕ್ಕೆ, ಪಾದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಸಿಕ್ಕಿಲ್ಲ. ಹುಡುಗಿಯರು ಗೆಲ್ಲುತ್ತಾರೆ, ಹುಡುಗರ ಗರ್ವವೂ ಇಳಿಯುತ್ತದೆ.

ನಿಮ್ಮ ಪತ್ರದಲ್ಲಿ ಊಟದ ಮಾತೇ ಇಲ್ಲ. ಶಾಲೆ ಇದ್ದಾಗ ಈ ಮಕ್ಕಳಿಗೆ ಬಿಸಿಯೂಟ ಇದೆ, ಮೊಟ್ಟೆಯೋ ಬಾಳೆಹಣ್ಣೋ ಇದೆ, 2013ರಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲಿದೆ. ರಜೆ ಬಂದ ಕೂಡಲೇ ಇವೆಲ್ಲ ನಿಲ್ಲುತ್ತವೆ. ಬರಗಾಲದ ವರ್ಷಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟದ್ದಿದೆ, ಈ ವರ್ಷ ನಿಮ್ಮ ತಾಲ್ಲೂಕಿಗೆ ಇದೆಯಾ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಇಲ್ಲದಿದ್ದರೆ ಪರಿಸ್ಥಿತಿ ಏನು ನೋಡಿ. ಊಟ ಕಡಿಮೆಯಾದ ತಿಂಗಳಲ್ಲೇ ನಾವು ಓಟ ಜಾಸ್ತಿ ಮಾಡುತ್ತಿದ್ದೇವೆ. ನಾನಾದರೆ ಹಳೆಯ ವಿದ್ಯಾರ್ಥಿಗಳ ಹತ್ತಿರ ಟೀ ಶರ್ಟಿಗೆ ದುಡ್ಡು ಕೇಳುವ ಬದಲು ಮೊಟ್ಟೆಗೆ, ಶೇಂಗಾಕ್ಕೆ ಕೇಳುತ್ತೇನೆ. ಓಟಕ್ಕೆ ಮೊದಲು ಅರ್ಧ ಬಾಳೆಹಣ್ಣು ಅಥವಾ ಒಂದು ತುಂಡು ಬೆಲ್ಲ. ಮುಗಿದು ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿನ್ನಬೇಕು. ರೊಟ್ಟಿ, ಶೇಂಗಾ ಹಿಂಡಿ, ಮೊಳಕೆ ಹೆಸರುಕಾಳು, ಮೊಸರು, ಮನೆಯಲ್ಲಿ ತಿನ್ನುತ್ತಾರಾದರೆ ಮೊಟ್ಟೆ. ರಾಗಿ ಸಿಕ್ಕರೆ ಅಂಬಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಎಲುಬಿಗೆ ಬೇಕಾದದ್ದೇ ಅದು.

ರಕ್ತಹೀನತೆಯನ್ನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆ ಇದೆ. ಅಂದರೆ ನಿಮ್ಮ ನಾಲ್ವರಲ್ಲಿ ಇಬ್ಬರಿಗೆ ಇದ್ದರೂ ಆಶ್ಚರ್ಯವಿಲ್ಲ. ಇಂಥ ಹುಡುಗಿ ಹಿಂದೆ ಬಿದ್ದರೆ ನಾವು ಸೋಮಾರಿ ಅಂತೀವಿ. ರಜೆಗೆ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಹುಡುಗಿಯರಿಗೆ 12ಕ್ಕಿಂತ ಕಡಿಮೆ ಇದ್ದರೆ ವೈದ್ಯರ ಸಲಹೆ ಪಡೆಯಿರಿ, ಹುಡುಗರದ್ದೂ ಬಿಡಬೇಡಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ರಜೆಯಲ್ಲೂ ತಪ್ಪದ ಹಾಗೆ ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆ ಹಿಂಡಿಕೊಂಡರೆ ಹತ್ತುತ್ತದೆ. ಮುಟ್ಟು ಮೂರು ತಿಂಗಳು ನಿಂತರೆ ಅದು ಊಟ ಸಾಲದ ಸೂಚನೆ ಇರಬಹುದು. ಈ ಮಾತನ್ನು ನೀವು ಆಡುವುದಕ್ಕಿಂತ ಶಾಲೆಯ ಮೇಡಂ ಒಬ್ಬರು ಆಡುವುದು ಒಳ್ಳೆಯದು.

ಹುಡುಗಿಯರ ತಂದೆತಾಯಿಯರನ್ನು ಶಾಲೆಗೆ ಕರೆಸಬೇಡಿ, ಅವರ ಮನೆಗೆ ನೀವೇ ಹೋಗಿ. ಯಾವ ದಾರಿ, ಯಾರು ಜೊತೆ, ಎಷ್ಟು ಗಂಟೆಗೆ ವಾಪಸ್, ಇಷ್ಟು ತಿಳಿದರೆ ಬಹಳ ಮಂದಿ ಒಪ್ಪುತ್ತಾರೆ. ನಸುಕಲ್ಲಿ ಒಬ್ಬೊಬ್ಬಳೇ ಮೈದಾನಕ್ಕೆ ಬರುವುದು ಬೇಡ. ಒಬ್ಬ ತಾಯಿ ಸರದಿಯ ಮೇಲೆ ಬಂದು ಕೂತರೆ ಇನ್ನೂ ಚೆನ್ನ. ಬಟ್ಟೆ ವಿಷಯದಲ್ಲಿ ಹಟ ಮಾಡಬೇಡಿ. ಟ್ರ್ಯಾಕ್ ಪ್ಯಾಂಟ್ ಇರಲಿ, ಸಡಿಲ ಚೂಡಿದಾರ್ ಇರಲಿ, ಓಡಿದರೆ ಆಯಿತು.

ಕೊನೆಯದಾಗಿ, ಒಂಬತ್ತು ಜನರಲ್ಲಿ ಯಾರ ಮೇಲೆ ಗಮನ ಇಡಬೇಕು? ನೀವು ಬರೆಯದಿದ್ದರೂ ಊಹಿಸಬಲ್ಲೆ. ನಿಮ್ಮಲ್ಲಿ ಒಬ್ಬ ಚಿಗರೆಯಂಥ ಹುಡುಗ ಇರುತ್ತಾನೆ, ನಿಮ್ಮ ಕಣ್ಣೆಲ್ಲ ಅವನ ಮೇಲೆ. ತಂಡದ ಬಹುಮಾನ ಇರುವ ಕಡೆ ಲೆಕ್ಕ ಬೇರೆ. ವಿಶ್ವ ಕ್ರಾಸ್ ಕಂಟ್ರಿ (ಗುಡ್ಡಗಾಡು ಓಟ) ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದ ಆರು ಜನ ಓಡಿದರೆ ಮೊದಲ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆ ಬಂದವರು ಗೆದ್ದರು. ಒಂದು ತಂಡ 1, 2, 24, 31ನೇ ಸ್ಥಾನ ಪಡೆದರೆ ಮೊತ್ತ 58. ಇನ್ನೊಂದು 9, 11, 12, 15 ಬಂದರೆ 47. ಗೆದ್ದದ್ದು ಯಾರು? ಮೊದಲ ಹತ್ತರಲ್ಲಿ ಒಬ್ಬನೇ ಇದ್ದ ತಂಡ! ನಿಮ್ಮ ಕ್ರೀಡಾಕೂಟದ ಸುತ್ತೋಲೆಯಲ್ಲಿ ಎಷ್ಟು ಜನರ ಲೆಕ್ಕ ಅಂತ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಿಮ್ಮ ನಾಲ್ಕನೇ, ಐದನೇ ಹುಡುಗನ ಪಕ್ಕ ಓಡಿ. ಚಿಗರೆಗೆ ಹಿಂದಿನವರ ಜೊತೆ ಮಗ್ಗಿ ಹೇಳುತ್ತಾ ಓಡುವ ಕೆಲಸ ಕೊಡಿ. ಅವನಿಗೂ ಅದು ಬೇಕು.

ಶಾಲೆ ತೆರೆದ ಮೊದಲ ವಾರ ಸ್ಟಾಪ್‌ವಾಚ್ ತೆಗೆಯಬೇಡಿ. ಮಳೆ ಬಿದ್ದಿದ್ದರೆ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಹೊಲದ ದಾರಿ ಬಿಟ್ಟು ಮೊರಂ ಹಾಕಿದ ದಾರಿ ಹಿಡಿಯಿರಿ. ಬಿತ್ತನೆ ಶುರುವಾಗಿರುತ್ತದೆ, ಇಬ್ಬರು ಮೂವರು ಹೊಲದಲ್ಲಿರುತ್ತಾರೆ. ಹೊಲದ ಕೆಲಸವನ್ನೂ ನೋಟ್‌ಬುಕ್‌ನಲ್ಲಿ ಬರೆಯಲಿ, ಅವತ್ತಿನ ಓಟ ಅಷ್ಟಕ್ಕೆ ಕಡಿಮೆ ಮಾಡಿ. ಒಂಬತ್ತೂ ಪುಸ್ತಕ ಕೈಗೆ ಬಂದ ಮೇಲೆ ಒಂದು ಸಂಜೆ ಕೂತು ಓದಿ. ಜುಲೈನಲ್ಲಿ ಯಾರಿಗೆ ಎಷ್ಟು ವೇಗದ ಓಟ ಅಂತ ಅವನ್ನು ಮುಂದಿಟ್ಟುಕೊಂಡೇ ತೀರ್ಮಾನಿಸೋಣ. ಆಗ ಮತ್ತೆ ಬರೆಯಿರಿ. ಆ ಇಬ್ಬರು ಹುಡುಗಿಯರ ಕಾಲು ಹೇಗಿದೆ ಅನ್ನುವುದನ್ನೂ ತಪ್ಪದೆ ತಿಳಿಸಿ.